ಕಾಟಾದಿಂದ ವರದಿಗೆ: ಸಕ್ಕರೆ ಕಾರ್ಖಾನೆಯ ಡೇಟಾಬೇಸ್ ಮೇಲೆ ಮೆಟಾಡೇಟಾ ಮಾದರಿ ಕಟ್ಟಿದ ಅನುಭವ

ಸಕ್ಕರೆ ಕಾರ್ಖಾನೆಯಲ್ಲಿ ದಿನ ಶುರುವಾಗುವುದು ಮಧ್ಯರಾತ್ರಿ ಹನ್ನೆರಡಕ್ಕಲ್ಲ. ಮುಧೋಳ ಭಾಗದ ನಮ್ಮ ಕಾರ್ಖಾನೆಯಲ್ಲಿ ಅದು ಬೆಳಗಿನ ಆರಕ್ಕೆ, ಮೊದಲ ಪಾಳಿಯ ಜೊತೆಗೆ ಶುರುವಾಗುತ್ತದೆ. ರಾತ್ರಿ ಎರಡಕ್ಕೆ ಕಾಟಾ (ಗಾಡಿ ತೂಗುವ ವೇಬ್ರಿಡ್ಜ್) ಹತ್ತಿದ ಟ್ರ್ಯಾಕ್ಟರಿನ ಕಬ್ಬು ಹಿಂದಿನ ದಿನದ ಲೆಕ್ಕಕ್ಕೆ ಸೇರಬೇಕು. ಡೇಟಾಬೇಸಿಗೆ ಇದೇನೂ ಗೊತ್ತಿಲ್ಲ. ತೂಕದ ಚೀಟಿಯ ಮೇಲೆ ಅದು ಗಡಿಯಾರ ತೋರಿಸಿದ ತಾರೀಖನ್ನು ಬರೆದಿಟ್ಟು ಸುಮ್ಮನಾಗುತ್ತದೆ. ಹಾಗಾಗಿ ನಿನ್ನೆ ಎಷ್ಟು ಕಬ್ಬು ಬಂತು ಎಂದು ಕೇಳಿದರೆ ಕಬ್ಬು ವಿಭಾಗ ಒಂದು ಅಂಕಿ ಹೇಳುತ್ತಿತ್ತು, ಲೆಕ್ಕ ವಿಭಾಗ ಇನ್ನೊಂದು. ಇಬ್ಬರೂ ತಮ್ಮ ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು, ಏಕೆಂದರೆ ಎರಡೂ ವರದಿಗಳನ್ನು ತೆಗೆದುಕೊಟ್ಟದ್ದು ಕಂಪ್ಯೂಟರ್ ವಿಭಾಗವೇ.

ಹಂಗಾಮು ಶುರುವಾದರೆ ವರದಿ ಕೇಳುವವರ ಸಾಲು ನಿಲ್ಲುವುದಿಲ್ಲ. ಯಾವ ಊರಿನಿಂದ ಎಷ್ಟು, ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು) ಎಷ್ಟು, ಹೊಸ ನಾಟಿ ಎಷ್ಟು, ಕೋ 86032 ತಳಿ ಎಷ್ಟು, ಯಾರ ಬಿಲ್ಲು ಬಾಕಿ. ಕೊನೆಯದಂತೂ ತಡೆದುಕೊಳ್ಳುವ ಪ್ರಶ್ನೆಯಲ್ಲ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ. ಪ್ರತಿ ಪ್ರಶ್ನೆಗೂ ನಾನೊಬ್ಬನೇ, ಡೇಟಾಬೇಸನ್ನು ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಬರೆದು ಕೊಡುತ್ತಿದ್ದೆ. ಕೇಳುವವರೇ ತಮಗೆ ಬೇಕಾದ ಕಾಲಂಗಳನ್ನು ಆರಿಸಿಕೊಂಡು ವರದಿ ತೆಗೆಯುವಂತಾಗಬೇಕು, ಆದರೆ ತಪ್ಪು ಮೊತ್ತ ತೆಗೆಯಲು ಅವರಿಗೆ ದಾರಿಯೇ ಇರಬಾರದು ಎಂದುಕೊಂಡು, ಡೇಟಾಬೇಸಿಗೂ ಬಳಕೆದಾರರಿಗೂ ನಡುವೆ ನಿಂತು ಟೇಬಲ್‌ಗಳ ಅರ್ಥ ಮತ್ತು ಸಂಬಂಧ ಹೇಳುವ ಮೆಟಾಡೇಟಾ ಮಾದರಿ ಕಟ್ಟಲು ಕೈ ಹಾಕಿದೆ.

ಆರಿಸಿಕೊಂಡದ್ದು ಪೆಂಟಾಹೊ ಮೆಟಾಡೇಟಾ ಎಡಿಟರ್ ಎಂಬ ತಂತ್ರಾಂಶ. ಅದರ ಮುಕ್ತ ಆವೃತ್ತಿಗೆ ಪರವಾನಗಿ ಶುಲ್ಕವಿಲ್ಲ ಎಂಬುದು ಆಡಳಿತ ಮಂಡಳಿಗೆ ಹಿಡಿಸಿತು; ನನಗೆ ಹಿಡಿಸಿದ್ದು ಅದರ ಮೂರು ಪದರಗಳು. ಅತ್ಯಂತ ಕೆಳಗೆ ಡೇಟಾಬೇಸಿನ ಟೇಬಲ್‌ಗಳು ಇದ್ದ ಹಾಗೆಯೇ ಬರುತ್ತವೆ. ನಡುವೆ ಆ ಟೇಬಲ್‌ಗಳಿಗೆ ವ್ಯವಹಾರದ ರೂಪ ಕೊಟ್ಟು, ಯಾವುದು ಯಾವುದಕ್ಕೆ ಹೇಗೆ ಕೂಡುತ್ತದೆ ಎಂದು ಗೆರೆ ಎಳೆಯಬೇಕು. ಮೇಲೆ ಬಳಕೆದಾರರಿಗೆ ಕಾಣುವ ನೋಟ: ರೈತ, ಹೊಲ, ತೂಕ, ಬಿಲ್ಲು ಎಂಬ ಗುಂಪುಗಳು. ಬಳಕೆದಾರ ಮೇಲಿನ ಪದರದಿಂದ ನಾಲ್ಕು ಕಾಲಂ ಆರಿಸಿದರೆ ಎಸ್‌ಕ್ಯೂಎಲ್ ಅನ್ನು ತಂತ್ರಾಂಶವೇ ಬರೆದುಕೊಳ್ಳುತ್ತದೆ. ಇಡೀ ಮಾದರಿ ಒಂದು ಎಕ್ಸ್‌ಎಂಐ ಕಡತವಾಗಿ ಉಳಿಯುತ್ತದೆ. ಅದನ್ನು ಸರ್ವರಿಗೆ ಪ್ರಕಟಿಸಿದರೆ ಆಯಿತು.

ಎಲ್ಲ ಟೇಬಲ್‌ಗಳನ್ನೂ ಒಮ್ಮೆಗೇ ಒಳಗೆ ಎಳೆದುಕೊಳ್ಳುವ ಸೌಲಭ್ಯ ಅದರಲ್ಲಿದೆ. ನಾನು ಅದನ್ನು ಮುಟ್ಟಲಿಲ್ಲ. ನೂರಾರು ಟೇಬಲ್‌ಗಳಲ್ಲಿ ಮುಕ್ಕಾಲು ಪಾಲು ಕಾರ್ಖಾನೆಯ ತಂತ್ರಾಂಶ ಮಾಡಿಕೊಟ್ಟವರ ಒಳಲೆಕ್ಕಕ್ಕೆ ಇರುವಂಥವು. ಹಿಂದಿನ ಹಂಗಾಮಿನಲ್ಲಿ ಜನ ನನ್ನಿಂದ ಬರೆಸಿಕೊಂಡ ಎಸ್‌ಕ್ಯೂಎಲ್‌ಗಳೆಲ್ಲ ಒಂದು ಫೋಲ್ಡರಿನಲ್ಲಿದ್ದವು. ಅವುಗಳಲ್ಲಿ ಮತ್ತೆ ಮತ್ತೆ ಬಂದ ಟೇಬಲ್‌ಗಳನ್ನಷ್ಟೇ ತೆಗೆದುಕೊಂಡೆ. ಈ ಕೆಲಸಕ್ಕೆ ಕೂರುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಇಆರ್ ನಕ್ಷೆ (ಟೇಬಲ್‌ಗಳ ಸಂಬಂಧ ತೋರಿಸುವ ಚಿತ್ರ) ಆಮೇಲೆ ನೋಡಿ, ಹಳೆಯ ಪ್ರಶ್ನೆಗಳನ್ನು ಮೊದಲು ಓದಿ.

ನಂತರ ದಿನದ ಲೆಕ್ಕ. ತೂಕದ ಸಮಯದಿಂದ ಆರು ಗಂಟೆ ಕಳೆದು ಉಳಿದ ತಾರೀಖನ್ನು ತೆಗೆದುಕೊಂಡರೆ ನುರಿಸುವ ದಿನ ಸಿಗುತ್ತದೆ. ಈ ಸೂತ್ರವನ್ನು ಮಾದರಿಯೊಳಗೇ ಬರೆಯಬಹುದಿತ್ತು. ಆದರೆ ಲೆಕ್ಕ ಹಾಕಿದ ತಾರೀಖಿನ ಮೇಲೆ ಸೋಸಲು ಹೋದರೆ ತೂಕದ ಸಮಯಕ್ಕೆ ಹಾಕಿದ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಉಪಯೋಗಕ್ಕೆ ಬಾರದೆ, ಲಕ್ಷಾಂತರ ಚೀಟಿಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ. ಆದ್ದರಿಂದ ವರದಿಗೆಂದೇ ಇಟ್ಟ ಡೇಟಾಬೇಸಿನ ಪ್ರತಿಯಲ್ಲಿ ನುರಿಸುವ ದಿನವನ್ನು ನಿಜವಾದ ಕಾಲಂ ಆಗಿ ಬರೆಸಿ ಅದಕ್ಕೊಂದು ಇಂಡೆಕ್ಸ್ ಹಾಕಿದೆ. ಹಂಗಾಮಿನ ವರ್ಷವನ್ನೂ ಹಾಗೆಯೇ ಮಾಡಿದೆ. ಸಕ್ಕರೆ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್, ಹಣಕಾಸು ವರ್ಷ ಏಪ್ರಿಲಿನಿಂದ ಮಾರ್ಚ್. 2025ರ ಏಪ್ರಿಲ್ ಮೊದಲ ವಾರದಲ್ಲಿ ಬಂದ ಕಬ್ಬು ಒಂದರಲ್ಲಿ 2024-25, ಇನ್ನೊಂದರಲ್ಲಿ 2025-26. ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಕೊಟ್ಟು, ಗಡಿಯಾರದ ತಾರೀಖನ್ನು ಮೇಲಿನ ಪದರದಿಂದ ತೆಗೆದುಬಿಟ್ಟೆ. ಕಾಟಾದವರೊಬ್ಬರು ಮಾತ್ರ, "ಸಾಹೇಬರೇ, ನಮಗೆ ಗಂಟೆ ಬೇಕೇ ಬೇಕು" ಎಂದರು. ಗಾಡಿಗಳ ಸಾಲು ಎಷ್ಟು ಹೊತ್ತು ನಿಂತಿತ್ತೆಂದು ನೋಡುವುದು ಅವರ ಕೆಲಸ. ಅವರಿಗಷ್ಟೇ ಬೇರೆ ನೋಟ ಮಾಡಿಕೊಟ್ಟೆ.

ಊರಿನ ಟೇಬಲ್ ಇನ್ನೊಂದು ಗಂಟು. ರೈತನ ಮನೆ ಜಮಖಂಡಿ ತಾಲ್ಲೂಕಿನಲ್ಲಿ, ಹೊಲ ಮುಧೋಳ ತಾಲ್ಲೂಕಿನಲ್ಲಿ ಇರುವುದು ಇಲ್ಲಿ ಸಾಮಾನ್ಯ. ಡೇಟಾಬೇಸಿನಲ್ಲಿ ಊರಿಗೆ ಇರುವುದು ಒಂದೇ ಟೇಬಲ್. ರೈತನೂ ಅದಕ್ಕೇ ಕೂಡುತ್ತಾನೆ, ಹೊಲವೂ ಅದಕ್ಕೇ ಕೂಡುತ್ತದೆ. ಮಾದರಿಯಲ್ಲೂ ಹಾಗೆಯೇ ಬಿಟ್ಟರೆ ತೂಕದಿಂದ ಊರಿಗೆ ಎರಡು ದಾರಿಗಳಾಗುತ್ತವೆ. ತಂತ್ರಾಂಶ ಒಂದೇ ದಾರಿ ಹಿಡಿದರೆ ಯಾವ ಊರಿನ ಲೆಕ್ಕ ಬಂತೆಂದು ನೋಡುವವನಿಗೆ ತಿಳಿಯುವುದಿಲ್ಲ. ಎರಡೂ ಕೂಡಿದರಂತೂ ಮನೆ ಮತ್ತು ಹೊಲ ಒಂದೇ ಊರಿನಲ್ಲಿರುವ ರೈತರು ಮಾತ್ರ ವರದಿಯಲ್ಲಿ ಉಳಿಯುತ್ತಾರೆ, ಉಳಿದವರು ಸದ್ದಿಲ್ಲದೆ ಮಾಯವಾಗುತ್ತಾರೆ. ಪರಿಹಾರ ಸುಲಭ: ಒಂದೇ ಟೇಬಲನ್ನು ನಡುವಿನ ಪದರಕ್ಕೆ ಎರಡು ಸಲ ತಂದು, ಒಂದನ್ನು ರೈತನ ಊರು, ಇನ್ನೊಂದನ್ನು ಹೊಲದ ಊರು ಎಂದು ಇಟ್ಟೆ. ಗುತ್ತಿಗೆದಾರರ ಟೇಬಲ್ಲಿಗೂ ಇದೇ ಉಪಾಯ. ಕಟಾವು ಗ್ಯಾಂಗಿನ ಗುತ್ತಿಗೆದಾರ ಒಬ್ಬ, ಸಾಗಣೆಯವನು ಇನ್ನೊಬ್ಬ, ಎಷ್ಟೋ ಸಲ ಇಬ್ಬರೂ ಒಬ್ಬನೇ.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಕಡಿತಗಳು. ಒಬ್ಬ ರೈತನ ಹತ್ತು ತೂಕದ ಚೀಟಿಗಳು ಇವೆ ಎನ್ನಿ, ಒಟ್ಟು 120 ಟನ್. ಅವನ ಬಿಲ್ಲಿನಲ್ಲಿ ಬೀಜ, ಗೊಬ್ಬರ, ಬ್ಯಾಂಕ್ ಸಾಲ ಎಂದು ಮೂರು ಕಡಿತಗಳಿವೆ. ಚೀಟಿ ಮತ್ತು ಕಡಿತ ಎರಡೂ ರೈತನಿಗೇ ಕೂಡುತ್ತವೆ, ಒಂದಕ್ಕೊಂದು ಸಂಬಂಧವಿಲ್ಲ. ಯಾರಾದರೂ ಎರಡನ್ನೂ ಒಂದೇ ವರದಿಯಲ್ಲಿ ಕೇಳಿದರೆ ಹತ್ತು ಮೂರಲೆ ಮೂವತ್ತು ಸಾಲುಗಳಾಗಿ, ಕಬ್ಬು 360 ಟನ್ ಎಂದು ಬರುತ್ತದೆ, ಕಡಿತ ಹತ್ತು ಪಟ್ಟು. ಮೊತ್ತದೊಳಗೆ ಡಿಸ್ಟಿಂಕ್ಟ್ (ಒಂದೇ ಅಂಕಿ ಎಷ್ಟು ಸಲ ಬಂದರೂ ಒಮ್ಮೆ ಮಾತ್ರ ಎಣಿಸು ಎಂಬ ಆಜ್ಞೆ) ಹಾಕಿ ಇದನ್ನು ಸರಿಮಾಡಲು ಹೊರಡುವವರನ್ನು ನಾನು ನಂಬುವುದಿಲ್ಲ. ಎರಡು ಟ್ರೇಲರ್‌ಗಳ ತೂಕ ಒಂದೇ ಆಗಿಬಿಟ್ಟರೆ ಒಂದು ಟ್ರೇಲರ್ ಕಬ್ಬು ಲೆಕ್ಕದಿಂದಲೇ ಹೋಗುತ್ತದೆ. ಪೆಂಟಾಹೊ ಇಂಥ ಪ್ರಶ್ನೆಯನ್ನು ತಾನಾಗಿ ಎರಡಾಗಿ ಒಡೆದು ಕೇಳುವುದಿಲ್ಲ. ಹಾಗಾಗಿ ಚೀಟಿಗಳನ್ನು ಬಿಲ್ಲಿನ ಮಟ್ಟಕ್ಕೆ ಕೂಡಿಸಿದ ಒಂದು ವ್ಯೂ (ಟೇಬಲ್ಲಿನಂತೆ ಬಳಸಬಹುದಾದ, ಉಳಿಸಿಟ್ಟ ಪ್ರಶ್ನೆ), ಕಡಿತಗಳನ್ನು ಅದೇ ಮಟ್ಟಕ್ಕೆ ಕೂಡಿಸಿದ ಇನ್ನೊಂದು ವ್ಯೂ ಡೇಟಾಬೇಸಿನಲ್ಲೇ ಬರೆದೆ. ಎರಡೂ ಬಿಲ್ಲಿಗೆ ಒಂದಕ್ಕೊಂದರಂತೆ ಕೂಡುತ್ತವೆ, ಸಾಲು ಹಿಗ್ಗಲು ಜಾಗವೇ ಇಲ್ಲ. ಕಡಿತವೇ ಇಲ್ಲದ ರೈತರು ಬಿಟ್ಟುಹೋಗಬಾರದೆಂದು ಅಲ್ಲಿ ಔಟರ್ ಜಾಯಿನ್, ಅಂದರೆ ಜೋಡಿ ಸಿಗದ ಸಾಲನ್ನೂ ಉಳಿಸಿಕೊಳ್ಳುವ ಕೂಡಿಕೆ. ಬಿಡಿ ಚೀಟಿಗಳು ಬೇಕಾದವರಿಗೆ ಕಾಟಾ ಮಾದರಿ ಬೇರೆಯೇ ಇದೆ, ಅದರಲ್ಲಿ ಕಡಿತಗಳಿಲ್ಲ. "ಎಲ್ಲವೂ ಒಂದೇ ಕಡೆ ಸಿಗಬಾರದೇನು?" ಎಂದು ಲೆಕ್ಕ ವಿಭಾಗದ ಹಿರಿಯರು ಬಹಳ ಸಲ ಕೇಳಿದ್ದಾರೆ. ಸಿಗಬಾರದು.

ಇಳುವರಿಯದು ಬೇರೆ ಬಗೆಯ ಪೇಚು. ಪ್ರಯೋಗಾಲಯದ ಟೇಬಲ್ಲಿನಲ್ಲಿ ದಿನದಿನದ ಸಕ್ಕರೆ ಇಳುವರಿ ಶೇಕಡಾವಾರಿನಲ್ಲಿ ಇರುತ್ತದೆ. ಅದನ್ನು ಹಾಗೇ ಕೊಟ್ಟರೆ ಜನ ಸರಾಸರಿ ತೆಗೆಯುತ್ತಾರೆ. ಒಂದು ದಿನ 8,000 ಟನ್ ನುರಿಸಿ ಇಳುವರಿ 11, ಮರುದಿನ ಗಿರಣಿ ನಿಂತು 2,000 ಟನ್ನಿಗೆ 9 ಬಂದರೆ ಸರಾಸರಿ 10 ಎನ್ನುತ್ತದೆ. ನಿಜವಾದದ್ದು 10.6. ಈ ದಶಾಂಶಗಳು ಸಣ್ಣವಲ್ಲ. 2025-26ಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ, ರೈತನಿಗೆ ಕೊಡಲೇಬೇಕಾದ ಕನಿಷ್ಠ ದರವಾದ ಎಫ್‌ಆರ್‌ಪಿ 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ 34.60 ರೂಪಾಯಿ ಏರುತ್ತದೆ. ಶೇಕಡಾವಾರಿನ ಕಾಲಮನ್ನು ಮುಚ್ಚಿಟ್ಟು, ಒಟ್ಟು ಸಕ್ಕರೆಯನ್ನು ಒಟ್ಟು ಕಬ್ಬಿನಿಂದ ಭಾಗಿಸುವ ಸೂತ್ರವನ್ನು ಇಳುವರಿ ಎಂಬ ಹೆಸರಿನಲ್ಲಿ ಮೇಲೆ ಇಟ್ಟೆ. ವಾರಕ್ಕೆ ಕೇಳಿದರೂ ತಿಂಗಳಿಗೆ ಕೇಳಿದರೂ ಉತ್ತರ ಸರಿಯಾಗಿ ಬರುತ್ತದೆ. ತೂಕವೂ ಅಷ್ಟೇ: ಕಾಟಾ ಕಿಲೋದಲ್ಲಿ ಬರೆಯುತ್ತದೆ, ಸರ್ಕಾರದ ಪತ್ರ ಕ್ವಿಂಟಾಲಿನಲ್ಲಿ ಬರುತ್ತದೆ, ಮಾದರಿಯಲ್ಲಿ ಟನ್ ಒಂದೇ.

ಉಳಿದದ್ದು ಬೆವರಿನ ಕೆಲಸ. ಹಳೆಯ ರೈತರ ಹೆಸರುಗಳೆಲ್ಲ ಯುನಿಕೋಡ್ ಅಲ್ಲದ ಹಳೆಯ ನುಡಿ ತಂತ್ರಾಂಶದ ಅಕ್ಷರದಲ್ಲಿದ್ದವು. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇದ್ದ ಹೆಸರುಗಳನ್ನು ಕಣ್ಣಿನಿಂದಲೇ ನೋಡಿ ತಿದ್ದಬೇಕಾಯಿತು. ವಲಯ ಕಚೇರಿಯವರಿಗೆ ತಮ್ಮ ವಲಯದ ಸಾಲುಗಳು ಮಾತ್ರ ಕಾಣುವಂತೆ ಪಾತ್ರಕ್ಕೆ ತಕ್ಕ ನಿರ್ಬಂಧ ಹಾಕಿದೆ. ಅದಕ್ಕೆ ಮಾದರಿಯಲ್ಲೇ ಅವಕಾಶವಿದೆ. ಸಂಖ್ಯೆ, ತಾರೀಖು, ಹಣ ಹೇಗೆ ಕಾಣಬೇಕೆಂಬುದನ್ನು ಒಮ್ಮೆ ಮೂಲ ಪರಿಕಲ್ಪನೆಯಲ್ಲಿ (ಎಲ್ಲ ಕಾಲಂಗಳಿಗೂ ಅಚ್ಚಾಗುವ ವಿವರಣೆ) ಬರೆದರೆ ಎಲ್ಲ ಕಾಲಂಗಳೂ ಅಲ್ಲಿಂದಲೇ ಪಡೆಯುತ್ತವೆ.

ಹಂಚುವ ಮುಂಚೆ ಹಿಂದಿನ ಹಂಗಾಮಿನ ಲೆಕ್ಕಪರಿಶೋಧನೆ ಮುಗಿದ ಅಂಕಿಗಳನ್ನು ಎದುರಿಟ್ಟುಕೊಂಡು ತಾಳೆ ನೋಡಿದೆ. ವಲಯವಾರು ಕಬ್ಬು, ಒಟ್ಟು ಬಿಲ್ಲು, ಒಟ್ಟು ಕಡಿತ ಮೂರೂ ರೂಪಾಯಿಗೆ ರೂಪಾಯಿ ಕೂಡುವವರೆಗೆ ಯಾರಿಗೂ ಲಾಗಿನ್ ಕೊಡಲಿಲ್ಲ.

ಈ ಸಲ ಹಂಗಾಮಿನ ಮುಂಚೆ ಕಾರ್ಖಾನೆಯ ತಂತ್ರಾಂಶದವರು ಗುತ್ತಿಗೆದಾರರ ಟೇಬಲನ್ನು ಒಡೆದು ಎರಡು ಮಾಡಿ, ಕಾಲಂಗಳ ಹೆಸರನ್ನೂ ಬದಲಿಸಿದರು. ಕೆಳಗಿನ ಪದರದಲ್ಲಿ ಹೊಸ ಟೇಬಲ್‌ಗಳನ್ನು ತಂದು, ನಡುವಿನ ಪದರದಲ್ಲಿ ಕಟಾವಿನವನನ್ನು ಒಂದಕ್ಕೆ, ಸಾಗಣೆಯವನನ್ನು ಇನ್ನೊಂದಕ್ಕೆ ಜೋಡಿಸಿದೆ. ಕಬ್ಬು ವಿಭಾಗದವರು ತಾವೇ ಮಾಡಿಟ್ಟುಕೊಂಡಿದ್ದ ವರದಿಗಳು ಹಾಗೆಯೇ ನಡೆದವು; ಕಡಿತದ ವ್ಯೂ ಒಂದನ್ನು ಮಾತ್ರ ಮತ್ತೆ ಬರೆಯಬೇಕಾಯಿತು. ಎಥೆನಾಲ್ ಘಟಕದವರು ತಮ್ಮದನ್ನೂ ಸೇರಿಸಿ ಎನ್ನುತ್ತಿದ್ದಾರೆ. ಅವರು ಈವರೆಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಲು ಹೇಳಿದ್ದೇನೆ.