ಇ-ಆಫೀಸ್‌ನಲ್ಲಿ ಕಡತ ಕೂರದಂತೆ ನೋಡಿಕೊಳ್ಳುವ ಬಗೆ

ಸರ್ಕಾರಿ ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸಲು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ರೂಪಿಸಿದ ತಂತ್ರಾಂಶ ಇ-ಆಫೀಸ್. ಅದರಲ್ಲೂ ಕಡತ ಮುಂದೆ ಸಾಗದೆ ಕೂರುತ್ತದೆ. ತೊಡಕು ಎಷ್ಟೋ ಸಲ ಟಪಾಲು ಹಂತದಲ್ಲೇ ಶುರು. ಬಂದ ಪತ್ರವನ್ನು 200 ಡಿಪಿಐನಲ್ಲಿ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಕಪ್ಪು-ಬಿಳುಪಾಗಿ ಸ್ಕ್ಯಾನ್ ಮಾಡಿ, ಅನುಬಂಧಗಳೊಂದಿಗೆ ಒಂದೇ ಪಿಡಿಎಫ್ ಮಾಡಿ. ವಿಷಯದ ಸಾಲಿನಲ್ಲಿ ಬರೀ ‘ಮನವಿ’ ಎಂದರೆ ಮುಂದೆ ಹುಡುಕುವಾಗ ನೂರಾರು ಮನವಿ ಎದುರಾಗುತ್ತವೆ. ಊರು, ಯೋಜನೆ, ವರ್ಷ ಸೇರಿಸಿ.

ಟಿಪ್ಪಣಿಯನ್ನು ಮೊದಲು ತಂತ್ರಾಂಶದಲ್ಲಿ ಕರಡಿಗೆಂದೇ ಇರುವ ಹಳದಿ ಹಾಳೆಯಲ್ಲಿ ಬರೆದು ತಿದ್ದಿಕೊಳ್ಳಿ. ಅಂತಿಮ ಟಿಪ್ಪಣಿಯ ಹಸಿರು ಹಾಳೆಯಲ್ಲಿ ರವಾನೆಯಾದದ್ದನ್ನು ಬದಲಿಸಲಾಗದು, ಹೊಸ ಟಿಪ್ಪಣಿ ಸೇರಿಸಬಹುದಷ್ಟೇ. ಪತ್ರಗಳ ಪುಟಗಳಿಗೆ ಟಿಪ್ಪಣಿಯೊಳಗೇ ಲಿಂಕ್ ಕೊಡಿ. ಇಲ್ಲದಿದ್ದರೆ ಮೇಲಧಿಕಾರಿ ‘ಚರ್ಚಿಸಿ’ ಎಂದು ಬರೆದು ವಾಪಸು ಕಳಿಸುತ್ತಾರೆ, ಅದೂ ನ್ಯಾಯವೇ! ಕಡತವನ್ನು ತಪ್ಪು ಜಾಗಕ್ಕೆ ಕಳಿಸಿದ್ದರೆ ಅಲ್ಲಿನವರು ತೆರೆಯುವ ಮೊದಲೇ ಹಿಂದಕ್ಕೆ ಎಳೆದುಕೊಳ್ಳಿ.

ಕಡತ ಒಮ್ಮೆಗೆ ಒಬ್ಬರ ಬಳಿ ಮಾತ್ರ ಇರುತ್ತದೆ. ಆರ್ಥಿಕ, ಕಾನೂನು ಇಲಾಖೆಗಳೆರಡರ ಅಭಿಪ್ರಾಯ ಬೇಕಿದ್ದರೆ ಪಾರ್ಟ್ ಫೈಲ್ (ಮೂಲ ಕಡತಕ್ಕೆ ಸೇರಿದ ಉಪಕಡತ) ತೆರೆದು ಜೊತೆಜೊತೆಗೇ ಕೇಳಿ.

ಶಾಖೆಯ ಮುಖ್ಯಸ್ಥರು ವಾರಕ್ಕೊಮ್ಮೆ ಬಾಕಿ ಪಟ್ಟಿ ತೆರೆದು, ಹಳೆಯದರಿಂದ ಶುರುಮಾಡಿ, ಕಾರಣ ಕೇಳಬೇಕು. ವರ್ಗವಾದವರು ಬಿಡುಗಡೆಯಾಗುವ ಮುನ್ನವೇ ಅವರ ಕಡತಗಳನ್ನು ಹಸ್ತಾಂತರಿಸಿ. ಡಿಜಿಟಲ್ ಸಹಿಯ ಅವಧಿ ಮುಗಿಯುವ ದಿನಾಂಕವನ್ನೂ ಬರೆದಿಟ್ಟುಕೊಂಡು, ತಿಂಗಳ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಿಸಿ.