ಮನೆಯೊಳಗೆ ಕಪ್ಪು ಬಣ್ಣ: ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಹುಬ್ಬಳ್ಳಿ-ಧಾರವಾಡದ ಮನೆಗೆ ಕಪ್ಪು ಬಣ್ಣ ಆರಿಸುವ ಮುಂಚೆ ಧೂಳಿನ ಲೆಕ್ಕ ಹಾಕಿ. ಧಾರವಾಡದ ಕೆಂಪು ಮಣ್ಣಿರಲಿ, ನವಲಗುಂದದ ಕಡೆಯ ಎರಿಮಣ್ಣಿರಲಿ, ಒಣಗಿ ಹಾರಿ ಬಂದು ಕೂತರೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಹೊಳಪಿನ ಕಪ್ಪಾದರೆ ಇನ್ನೂ ಹೆಚ್ಚು. ಅದಕ್ಕೇ ಟೀಪಾಯಿ, ಟಿವಿ ಸ್ಟ್ಯಾಂಡ್, ಶೆಲ್ಫಿನ ಹಲಗೆಗಳಿಗೆ ಈ ಬಣ್ಣ ಬೇಡ. ನೆಟ್ಟಗೆ ನಿಂತ ಸಪೂರ ವಸ್ತುಗಳಿಗೆ, ಅಂದರೆ ಕಿಟಕಿಯ ಗ್ರಿಲ್, ಫೋಟೊ ಫ್ರೇಮ್, ಹೊಸ ಬಾಗಿಲ ಚೌಕಟ್ಟಿಗೆ ಹಾಕಿ. ಹಳೆಯ ಸಾಗವಾನಿ ಕಂಬ, ಬೋದಿಗೆಗಳಿಗೆ ಮಾತ್ರ ದಯವಿಟ್ಟು ಬಳಿಯಬೇಡಿ. ಕೆತ್ತನೆಯ ಸಂದಿಗೆ ಇಳಿದ ಬಣ್ಣವನ್ನು ಮರಕ್ಕೆ ಪೆಟ್ಟಾಗದಂತೆ ತೆಗೆಯುವುದು ಬಹಳ ಕಷ್ಟ.

ಶುರು ಮಾಡಲು ಗ್ರಿಲ್ಲೇ ಸರಿಯಾದ ಜಾಗ. 4 ಅಡಿ ಉದ್ದ, 4 ಅಡಿ ಅಗಲದ ನಾಲ್ಕು ಕಿಟಕಿಗಳಿಗೆ ಎರಡು ಕೋಟ್ ಬಳಿಯಲು ಸುಮಾರು ಒಂದು ಲೀಟರ್ ಸ್ಯಾಟಿನ್ ಎನಾಮೆಲ್ (ಮಂದ ಹೊಳಪಿನ ಎಣ್ಣೆಬಣ್ಣ) ಬೇಕು. ಮಳೆಗಾಲ ಕಳೆದ ಮೇಲೆ ಕೈಹಚ್ಚಿ. ಹಸಿ ಗಾಳಿಯಲ್ಲಿ ಬಳಿದ ಕಪ್ಪು ಮಂಕಾಗಿ ಬೂದಿಬಣ್ಣಕ್ಕೆ ತಿರುಗುತ್ತದೆ. ಮೊದಲು ತಂತಿ ಬ್ರಷ್‌ನಿಂದ ತುಕ್ಕು ಕೆರೆದು, 80 ನಂಬರಿನ ಎಮರಿ ಕಾಗದದಿಂದ, ಆಮೇಲೆ 120ರಿಂದ ತಿಕ್ಕಿ. ಸರಳು ಚೌಕಟ್ಟಿಗೆ ಕೂಡುವ ಕೆಳಮೂಲೆಗಳನ್ನು ಎರಡು ಸಲ ನೋಡಿ. ನೀರು ನಿಲ್ಲುವುದು ಅಲ್ಲೇ, ತುಕ್ಕು ಮೊದಲು ಏಳುವುದೂ ಅಲ್ಲೇ. ಟರ್ಪಂಟೈನ್ ಹಚ್ಚಿದ ಬಟ್ಟೆಯಿಂದ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟ್ ಕೊಟ್ಟು ರಾತ್ರಿಯಿಡೀ ಆರಲು ಬಿಡಿ.

ಎನಾಮೆಲ್ ಗಟ್ಟಿ ಅನ್ನಿಸಿದರೆ ಲೀಟರಿಗೆ 100 ಮಿ.ಲೀ. ಮೀರದಂತೆ ಟರ್ಪಂಟೈನ್ ಬೆರೆಸಿ. ಪೇಂಟರ್ ಸೀಮೆಎಣ್ಣೆ ಬೆರೆಸಲು ಹೊರಟರೆ ಬೇಡವೆನ್ನಿ: ಬಣ್ಣ ಬೇಗ ಆರುವುದಿಲ್ಲ, ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಎರಡು ತೆಳು ಕೋಟ್ ಸಾಕು, ನಡುವೆ ಒಂದು ದಿನದ ಅಂತರವಿರಲಿ. ಅವಸರ ಮಾಡಿದರೆ ಮೇಲ್ಪದರ ಗಟ್ಟಿಯಾಗಿ ಒಳಗೆ ಹಸಿ ಉಳಿದು, ಮೈಯೆಲ್ಲ ಸುಕ್ಕುಗಟ್ಟುತ್ತದೆ. ಬಿಸಿಲಿಗೆ ಕಾದ ಕಬ್ಬಿಣಕ್ಕೆ ಬಳಿದರೆ ಬ್ರಷ್ ಎಳೆದ ಗೆರೆಗಳು ಹಾಗೇ ನಿಲ್ಲುತ್ತವೆ, ಆದ್ದರಿಂದ ಬೆಳಗಿನ ಹೊತ್ತಿನಲ್ಲೇ ಮುಗಿಸಿ. ಕೈ ತಾಗುವ ಕಡೆ ಪೂರ್ತಿ ಮ್ಯಾಟ್, ಅಂದರೆ ಹೊಳಪೇ ಇಲ್ಲದ ಬಣ್ಣ, ಒಳ್ಳೆಯದಲ್ಲ. ಬೆರಳಿನ ಎಣ್ಣೆ ಕಲೆಯಾಗುತ್ತದೆ, ಒರೆಸಿ ಒರೆಸಿ ಅಲ್ಲಲ್ಲಿ ಹೊಳೆಯತೊಡಗುತ್ತದೆ.

ಗೋಡೆಗೆ ನೀಲಿ ಬೆರೆತ ಬಿಳಿಗಿಂತ ಕೆನೆಬಣ್ಣ ಮೇಲು, ಕಪ್ಪು ಗೆರೆ ಕಣ್ಣಿಗೆ ಚುಚ್ಚುವುದಿಲ್ಲ.

ಕಪ್ಪಿನ ಮೇಲೆ ಬಣ್ಣ ಹೇಗೆ ಮಿನುಗುತ್ತದೆಂದು ನೋಡಬೇಕಾದರೆ ಕಸೂತಿ ಹಾಕಿದ ಚಂದ್ರಕಾಳಿ ಸೀರೆ ನೋಡಿ. ಆ ಕಪ್ಪಿನ ಮೇಲೆ ಗೋಪುರ, ತೇರು, ಆನೆ ಎಲ್ಲ ಸ್ಪಷ್ಟ. ಹರಿದ ಹಳೆಯ ಸೀರೆಯಲ್ಲಿ ಗಟ್ಟಿಯಾಗಿ ಉಳಿದ ಕಸೂತಿ ಭಾಗವಿದ್ದರೆ ಫ್ರೇಮ್ ಹಾಕಿಸಿ: ಅರ್ಧ ಇಂಚಿನ ಕಪ್ಪು ಪಟ್ಟಿ, ಬಟ್ಟೆಯ ಸುತ್ತಲೂ 2 ಇಂಚು ಆ್ಯಸಿಡ್ ಇಲ್ಲದ ಕೆನೆಬಣ್ಣದ ಮೌಂಟ್ (ರಟ್ಟಿನ ಅಂಚು). ಬಟ್ಟೆ ಗಾಜಿಗೆ ತಾಗಬಾರದು, ತಾಗಿದರೆ ತೇವ ಹಿಡಿದು ಬೂಷ್ಟು ಬರುತ್ತದೆ. ಅಂಟು ಹಚ್ಚಿಸಬೇಡಿ, ಹಿಂದಿನ ಬಟ್ಟೆಗೆ ನಾಲ್ಕು ಅಂಚಿನಲ್ಲೂ ಹೊಲಿಸಿ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಅಡುಗೆಮನೆಯ ಕಟ್ಟೆಗೆ ಕಡಪಾ ಕಲ್ಲು ಅಗ್ಗವೆಂದು ಹಾಕಿಸುವವರಿದ್ದಾರೆ. ಅದು ಸುಣ್ಣದಕಲ್ಲು, ಲಿಂಬೆರಸ, ಹುಣಸೆಹುಳಿ ಬಿದ್ದರೆ ಪಾಲಿಶ್ ತಿಂದು ಬಿಳಿ ಕಲೆ ಉಳಿಯುತ್ತದೆ. ಕಪ್ಪೇ ಬೇಕಾದರೆ ಗ್ರಾನೈಟ್ ಹಾಕಿಸಿ, ದಿನಾ ಒರೆಸಲು ಸಿದ್ಧರಿರಿ. ಕಡಪಾ ಕಲ್ಲನ್ನು ಪಾತ್ರೆಯ ಕಪಾಟಿನೊಳಗೆ ಬಳಸಿ.

ಬೋರ್ ನೀರಿನ ಮನೆಗೆ ಕಪ್ಪು ನಲ್ಲಿ ತರುವುದು ಬೇಡ. ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಪದರ ಕಟ್ಟುತ್ತದೆ, ಅದನ್ನು ಆ್ಯಸಿಡ್‌ನಿಂದ ತಿಕ್ಕಿದರೆ ಕಪ್ಪು ಲೇಪವೂ ಜೊತೆಗೇ ಹೋಗುತ್ತದೆ. ಈಗಾಗಲೇ ಹಾಕಿಸಿದ್ದರೆ, ಬಳಸಿದ ಕೂಡಲೇ ಒಣ ಬಟ್ಟೆಯಿಂದ ಒರೆಸಿ.