ರೊಟ್ಟಿ ಬಡಿಯುವ ಸದ್ದಿಗೆ ಮರಳಿದ್ದು

ಬೆಟಗೇರಿಯಲ್ಲಿ 22 ವರ್ಷಗಳಿಂದ ವಿದ್ಯುತ್ ಮಗ್ಗ ನಡೆಸುತ್ತಿದ್ದೇನೆ. ಲಾಳಿಯ ಹೊಡೆತದ ಸದ್ದಿನಲ್ಲಿ ನಾವು ಒಬ್ಬರ ತುಟಿ ಒಬ್ಬರು ನೋಡಿಯೇ ಮಾತು ತಿಳಿದುಕೊಳ್ಳುತ್ತೇವೆ. ಒಂದು ರಾತ್ರಿ ಕರೆಂಟು ಹೋಗಿ ಓಣಿಯೆಲ್ಲ ತಣ್ಣಗಾದಾಗ ಜೀರುಂಡೆ ಕೂಗಿದಂತೆ ಕೇಳಿಸಿತು. ಎದ್ದು ಹಿತ್ತಲಿನವರೆಗೂ ಹುಡುಕಿದೆ. ಸದ್ದು ನನ್ನ ಜೊತೆಗೇ ಬಂತು.

ಅದಾದ ಕೆಲವೇ ತಿಂಗಳಲ್ಲಿ ಸ್ಟೀಲ್ ತಟ್ಟೆ ನೆಲಕ್ಕೆ ತಾಗಿದರೂ ಕಿವಿಗೆ ದಬ್ಬಣ ಚುಚ್ಚಿದಂತಾಗತೊಡಗಿತು. ಬೆಳಿಗ್ಗೆ ಹೆಂಡತಿ ಜೋಳದ ರೊಟ್ಟಿ ಬಡಿಯಲು ಕುಳಿತರೆ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದೆ. ಅವಳು ಒಂದು ಮಾತೂ ಆಡದೆ ಹಿತ್ತಲಲ್ಲಿ ಕಲ್ಲಿನ ಒಲೆ ಹೂಡಿಕೊಂಡಳು.

ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟು ನೋಡಿದೆ, ಪ್ರಯೋಜನವಾಗಲಿಲ್ಲ. ಹಗಲೂ ರಾತ್ರಿ ಕಿವಿಗೆ ಹತ್ತಿ ತುರುಕಿಕೊಂಡದ್ದಂತೂ ದೊಡ್ಡ ತಪ್ಪು. ಹುಬ್ಬಳ್ಳಿಯಲ್ಲಿ ವೈದ್ಯರು ಮೊದಲು ಕಿವಿಯಲ್ಲಿ ಕುಗ್ಗೆ (ಮೇಣ) ಇದೆಯೇ ಎಂದು ನೋಡಿ, ಆಮೇಲೆ ಶ್ರವಣ ಪರೀಕ್ಷೆ ಮಾಡಿಸಿದರು. ನಕ್ಷೆಯ ಗೆರೆ 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದಂತೆ ಇಳಿದಿತ್ತು, ಅಂದರೆ ಕೀರಲು ಸದ್ದು ಕೇಳುವುದು ಕುಗ್ಗಿತ್ತು. ಗದ್ದಲದಿಂದ ಸತ್ತ ಒಳಗಿವಿಯ ಕೂದಲು ಕೋಶಗಳು, ಅಂದರೆ ಸದ್ದು ಹಿಡಿಯುವ ಕೋಶಗಳು, ಮತ್ತೆ ಹುಟ್ಟುವುದಿಲ್ಲವಂತೆ. ಕಿವಿಯಿಂದ ಬರುವುದು ಕಡಿಮೆಯಾದರೆ ಮಿದುಳು ತಾನೇ ದನಿ ಏರಿಸಿಕೊಂಡು ಆಲಿಸುತ್ತದೆ. "ಮೌನದಲ್ಲಿ ಕುಳಿತಷ್ಟೂ ಅದು ಇನ್ನೂ ಏರಿಸುತ್ತದೆ. ಮನೆಯಲ್ಲಿ ಹತ್ತಿ ಇಡುವುದನ್ನು ಇವತ್ತೇ ಬಿಡಿ" ಎಂದರು.

ಮಗ್ಗದ ಮುಂದೆ ಮಾತ್ರ ಕಿವಿಗವಚ ಬಿಡುವ ಹಾಗಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿಯಾದರೆ, ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಆ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಒಂದೇ ಗಂಟೆ. ನನ್ನ ಜೊತೆಯ ಹುಡುಗರಿಗೆ ಇದನ್ನು ದಿನವೂ ಹೇಳುತ್ತೇನೆ.

ಮನೆಯಲ್ಲಿ ಧಾರವಾಡ ಆಕಾಶವಾಣಿಯನ್ನು ಸಣ್ಣಗೆ ಹಚ್ಚಿಡತೊಡಗಿದೆ. ಒಳಗಿನ ಸದ್ದು ಪೂರ್ತಿ ಮುಚ್ಚಿಹೋಗಬಾರದು, ಎರಡೂ ಬೆರೆತು ಕೇಳಬೇಕು. ಆ ಅಳತೆ ಸಿಗಲು ವಾರ ಹಿಡಿಯಿತು. ರಾತ್ರಿಗೆ ಫ್ಯಾನಿನ ಸದ್ದು ಸಾಕಾಯಿತು.

ರೊಟ್ಟಿಯ ಸದ್ದಿಗೂ ಹೀಗೇ ಹತ್ತಿರವಾದೆ. ಮೊದಲು ಹೊರಗಿನ ಕಟ್ಟೆ, ಹತ್ತು ದಿನದ ಮೇಲೆ ಪಡಸಾಲೆ, ಆಮೇಲೆ ಹಿತ್ತಲ ಬಾಗಿಲು. ನೋವು ಹೆಚ್ಚಾದ ದಿನ ಒಂದು ಹೆಜ್ಜೆ ಹಿಂದೆ ಸರಿದು ಕೂರುತ್ತಿದ್ದೆನೇ ಹೊರತು ಹತ್ತಿ ಮುಟ್ಟುತ್ತಿರಲಿಲ್ಲ.

ನನ್ನದು ಎರಡೂ ಕಿವಿಯ ತೊಂದರೆ. ಸದ್ದು ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿ ಬಡಿದಂತೆ ಕೇಳಿಸಿದರೆ ವೈದ್ಯರಿಗೆ ತೋರಿಸಲೇಬೇಕು. ಕಿವಿ ದಿಢೀರನೆ ಮಂದವಾದರಂತೂ ಒಂದು ದಿನವನ್ನೂ ಕಳೆಯಬೇಡಿ.

ಜೀರುಂಡೆ ಈಗಲೂ ಇದೆ, ಎಷ್ಟೋ ಹೊತ್ತು ನೆನಪಿಗೇ ಬರುವುದಿಲ್ಲ. ನಾಲ್ಕನೆಯ ತಿಂಗಳಲ್ಲಿ ಹೆಂಡತಿ ಒಲೆಯನ್ನು ಮತ್ತೆ ಒಳಗೆ ತಂದಳು. ಎದುರಿಗೆ ಕುಳಿತೆ. ಮೊದಲ ರೊಟ್ಟಿಗೆ ಹೆಗಲು ಬಿಗಿಯಾಯಿತು. ಮೂರನೆಯದನ್ನು ಅವಳು ಬಡಿಯುತ್ತಿರುವಾಗ ನಾನು ಎರಡನೆಯದನ್ನು ಮುರಿದು ಪಲ್ಯಕ್ಕೆ ಹಚ್ಚುತ್ತಿದ್ದೆ.